ಬರಪಿನ ಕಾರಖಾನೆಯ ಗೋಡೆ

ಜತ್ತಿನಿಂದ ಉಮದಿಗೆ ಹೋಗುವ ದಾರಿಯಲ್ಲಿ
ಎಡಕ್ಕೆ, ಬರಪಿನ ಕಾರಖಾನೆ.
ಬೋರ್ಡು ಮರಾಠಿ, ಬೈಗುಳ ಕನ್ನಡ,
ಲೆಕ್ಕ ಎರಡರಲ್ಲೂ ತಪ್ಪು.
ನಾನಲ್ಲಿ ಕೂಪನ್ನು ಹರಿದುಕೊಡುತ್ತಿದ್ದೆ:
ಲಗ್ನಕ್ಕೂ ಹೆಣಕ್ಕೂ ಒಂದೇ ದರ,
ಮರದ ಹೊಟ್ಟು ಬೇಕಾದರೆ ನಾಲ್ಕಾಣೆ ಮೇಲೆ.

ಆ ಬೇಸಿಗೆ ಮಾಲಕರಿಗೆ ಹುಕಿ ಬಂತು.
ಗೋಡೆ ತುಂಬ ಚಳಿಗಾಲ ಬೇಕು,
ನೋಡಿದವನ ಹಲ್ಲು ಕಟಕಟ ಅನ್ನಬೇಕು.

ದಸ್ತಗೀರ ಪೇಂಟರ್ ಬಂದ.
ಎತ್ತಿನ ಕೋಡು, ಲಾರಿಯ ಬೆನ್ನು, ಶಾಲೆಯ ನಕಾಶೆ
ಎಲ್ಲ ಬರೆದ ಕೈ;
ಹಿಮ ಕಂಡ ಕಣ್ಣಲ್ಲ.
ಚೀಲದಲ್ಲಿ ಟ್ರ್ಯಾಕ್ಟರ್ ಕಂಪನಿಯ ಹಳೆಯ ಕ್ಯಾಲೆಂಡರು,
ಹನ್ನೊಂದು ತಿಂಗಳು ಯಾರೋ ಹರಿದುಕೊಂಡಿದ್ದರು,
ಉಳಿದದ್ದು ಡಿಸೆಂಬರ್:
ಯಾವುದೋ ದೇಶದ ಬಿಳಿ ಕಾಡು,
ಎರಡು ತೋಳ, ಮೂರು ಜಿಂಕೆ,
ಬೋಳು ಮರದ ಮೇಲೊಂದು ಗೂಗೆ,
ಗೂಗೆಯ ಕೆಳಗೆ ಬ್ಯಾಂಕಿನ ರಜೆಗಳು.

ಸುಣ್ಣಕ್ಕೆ ಬಟ್ಟೆಯ ನೀಲಿ ಬೆರೆಸಿ
ಒಂಬತ್ತು ದಿನ ಬರೆದ.
ಹೊರಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.
ಸೋಡಾದ ಅಂಗಡಿಯವರು, ಹಾಲಿನವರು,
ಬರಪಿಗೆ ಬಂದವರೆಲ್ಲ
ಅಂಗೈ ಗೋಡೆಗೆ ಒತ್ತಿ ನೋಡುತ್ತಿದ್ದರು.
ತಣ್ಣಗಿತ್ತು ಗೋಡೆ. ಚಿತ್ರದಿಂದಲ್ಲ,
ಆಚೆ ಕೋಣೆಯಲ್ಲಿ ಉಪ್ಪುನೀರಿನ ತೊಟ್ಟಿ ಇತ್ತು.
ನಾವು ಹೇಳಲಿಲ್ಲ.

ಹತ್ತನೆಯ ದಿನ ಕುರುಬರ ಅಮಸಿದ್ದ ಬಂದ,
ಮಗಳಿಗೆ ಜ್ವರ, ಹಣೆಗಿಡಲು ಅರ್ಧ ಸೇರು ಬರಪು.
ಕೂಪನ್ನು ಮರೆತು ಗೋಡೆ ನೋಡುತ್ತ ನಿಂತ.
ಟವೆಲಿನೊಳಗೆ ಬರಪು ಹನಿಯುತ್ತಿತ್ತು.

‘ತ್ವಾಳ ಛಂದ ಅದ. ಹೆಜ್ಜಿ ಎಲ್ಲವ?’
‘ಯಾವ ಹೆಜ್ಜಿ?’ ಅಂದ ಪೇಂಟರ್.
‘ನಡದ ಬಂದಾವಲ್ಲ, ಹೆಜ್ಜಿ.
ಇಷ್ಟ ಮೆತ್ತಗಿನ ನೆಲದಾಗ
ಒಂದರ ಮೂಡಬೇಕಿಲ್ಲೊ?
ಏನು, ಮ್ಯಾಲಿಂದ ಬಿದ್ದಾವ?’

ಪೇಂಟರ್ ಕ್ಯಾಲೆಂಡರು ತೆಗೆದ. ಅದರಲ್ಲೂ ಇರಲಿಲ್ಲ.
ಅಥವಾ ಇದ್ದಲ್ಲಿ ರಜೆಗಳಿದ್ದವು.

‘ಜಿಂಕಿ ಯಾಕ ಓಡವಲ್ದು?’ ನಾನು ಕೇಳಿದೆ,
ಜಾಣತನಕ್ಕೆ.
ಅಮಸಿದ್ದ ನನ್ನ ಕಡೆ ತಿರುಗಲಿಲ್ಲ.
‘ಥಂಡಿ ಭಾಳ ಆತಂದ್ರ ನಿಂದರ್ತಾವ.
ಹಸದಾಂವನೂ ನಿಂದರ್ತಾನ.’

ಬರಪಿನ ಗಂಟನ್ನು ನನ್ನ ಕೈಗಿತ್ತ.
ಬೂದಿಬಣ್ಣದ ಡಬ್ಬಿಗೆ ಬೆರಳದ್ದಿದ.
ಮೊದಲು ಹೆಬ್ಬೆರಳು, ಅಂಗಾಲಿಗೆ;
ಆಮೇಲೆ ಉಳಿದ ನಾಲ್ಕರ ತುದಿ.
ಹಿಂಗಾಲು ಮುಂಗಾಲಿನ ಗುರುತಿನಲ್ಲೇ ಬೀಳಬೇಕು,
ಎರಡನೆಯದು ಮೊದಲನೆಯದರ ಗುರುತಿನಲ್ಲಿ:
ಎರಡು ತೋಳಕ್ಕೆ ಒಂದೇ ಸಾಲು,
ಕೌದಿಯ ಹೊಲಿಗೆಯ ಹಾಗೆ.
ಎಳ್ಳಮಾಸಿಯ ಮಂಜಿನಲ್ಲಿ
ಕಡಲೆಹೊಲದ ಬದುವಿಗೆ ಬಗ್ಗಿ
ಎಷ್ಟು ಸಲ ಓದಿದ್ದನೋ ಆ ಸಾಲನ್ನು,
ಎಷ್ಟು ಮರಿ ಕಳೆದುಕೊಂಡಿದ್ದನೋ.
ತೋಳದ ಕಾಲಿನಿಂದ ಹಿಂದಕ್ಕೆ, ಹಿಂದಕ್ಕೆ ಒತ್ತುತ್ತ
ಗೋಡೆಯ ಅಂಚಿಗೆ ಬಂದು, ಬಾಗಿಲ ಚೌಕಟ್ಟಿಗೂ ಒಂದು ಒತ್ತಿ
ಬೆರಳನ್ನು ಧೋತರಕ್ಕೆ ಒರೆಸಿಕೊಂಡ.
ಬಾಗಿಲಾಚೆ ಉಮದಿಯ ರಸ್ತೆ,
ಜಾಲಿ, ಬಿಸಿಲು.

‘ಇಲ್ಲಿಂದ ಬಂದಾವ’ ಅಂದ.

ಗಂಟು ನನ್ನ ಕೈಯಲ್ಲೇ ಅರ್ಧ ಕರಗಿತ್ತು.
ಇನ್ನೊಂದು ತುಂಡು ಕೊಟ್ಟೆ. ಲೆಕ್ಕಕ್ಕೆ ಬರೆಯಲಿಲ್ಲ.

ಉಪ್ಪು ಗೋಡೆಯನ್ನು ಒಳಗಿಂದ ತಿಂದಿತು.
ಮೂರನೆಯ ವರ್ಷ ಜಿಂಕೆಗಳು ಹಪ್ಪಳವಾಗಿ ಎದ್ದವು,
ಆಮೇಲೆ ಗೂಗೆ,
ಒಂದು ತೋಳದ ಮೋರೆ ನನ್ನ ಕಣ್ಣೆದುರೇ ಬಿತ್ತು,
ಕಸಬರಿಗೆಯಿಂದ ಗುಡಿಸಿದೆ.
ಈಗ ಕಾರಖಾನೆ ಇಲ್ಲ; ಗುಡ್ಡದ ಮೇಲೆ ಗಾಳಿಯಂತ್ರಗಳು.
ತೋಳ ಕಂಡೆ ಅಂದವರನ್ನು ನಾನು ಕಂಡಿಲ್ಲ.

ಮರದ ಚೌಕಟ್ಟು ಮಾತ್ರ ನಿಂತಿದೆ.
ಅಮಸಿದ್ದ ಕಟ್ಟಕಡೆಗೆ ಒತ್ತಿದ ಗುರುತು
ಮರಕ್ಕಿಳಿದದ್ದರಿಂದ ಉಳಿದಿದೆ,
ಹೆಬ್ಬೆರಳಿನ ಗೆರೆಗಳ ಸಮೇತ.
ಬೆರಳ ತುದಿಗಳು ಒಳಗೆ ನೋಡುತ್ತಿವೆ.